ಗೈರು

ಗ್ರಿಮ್ಸ್‌ಬಿಯ ಹಳೆ ಸ್ಮಶಾನದ ಗೇಟಿನಲ್ಲಿ
ಶನಿವಾರ ಹಾಜರಿ ಕೂಗುವವಳು ನಾನು.
ಕಿತ್ತಳೆ ಜಾಕೀಟು ಹನ್ನೊಂದು, ಕುಂಟೆ ಎಂಟು,
ಒಂದೇ ಗುದ್ದಲಿ, ಅದರ ಹಿಡಿ ಸಡಿಲ.
ಒಂಬತ್ತಕ್ಕೆ ಶುರು. ಹದಿನೈದು ನಿಮಿಷ ಮೀರಿ ಬಂದವರು
ಬಂದವರಲ್ಲ.

ಡೆರ್ಮಟ್ ಹಾಲಿವೆಲ್ ಬಂದದ್ದು ಒಂಬತ್ತು ಹದಿನೇಳಕ್ಕೆ,
ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ,
ಬೂಟಿನ ಮೇಲೆ ಒಣಗಿದ ಹುರುಪೆ.
"ಬಸ್ಸು," ಅಂದ, ಏದುಸಿರಲ್ಲೇ.
ನಾನು ಗಡಿಯಾರ ತೋರಿಸಿದೆ.
ಗೇಟಿನಾಚೆ ಸ್ವಲ್ಪ ಹೊತ್ತು ನಿಂತ.
ಆಮೇಲೆ ಬಗ್ಗಿ, ಕಂಬಿಯೊಳಗೆ ಕೈ ತೂರಿಸಿ
ಎಟುಕಿದಷ್ಟು ಕಳೆ ಕಿತ್ತು
ನನ್ನ ಕಾಲ ಬಳಿ ಗುಡ್ಡೆ ಹಾಕಿ
ಹೋದ.

ಮುಂದಿನ ಶನಿವಾರವೂ ಹಾಗೆಯೇ.
ಎರಡು ಸಲವೂ ಬರೆದೆ: ಗೈರು.
ನನ್ನ ಅಕ್ಷರ ದುಂಡಗೆ, ಎಲ್ಲರೂ ಹೊಗಳುತ್ತಾರೆ.

ಕೆಳಗಿನ ಕೋರ್ಟು ಹತ್ತು ವಾರ ಜೈಲು ಅಂದಿತು.
ಇವತ್ತು ಅಪೀಲು.
ಇಳಿಯಬಹುದು, ಏರಲೂಬಹುದು
ಎಂದು ಮೊದಲೇ ಎಚ್ಚರಿಸಿದ್ದಾಳಂತೆ ಅವನ ವಕೀಲೆ.
ಅವನು ಹೆಗಲಿಗೆ ದೊಡ್ಡದಾದ,
ಯಾರದೋ ಕೋಟಿನಲ್ಲಿ ಕೂತಿದ್ದಾನೆ.

ಹಾಸನದಲ್ಲಿ ವ್ಯಾಕರಣದ ಮೇಷ್ಟ್ರು ಹೇಳಿದ್ದರು:
'ಬಾರನು' ಅಂದರೆ ನಿನ್ನೆ ಬರಲಿಲ್ಲ,
ಇವತ್ತು ಬರುವುದಿಲ್ಲ, ನಾಳೆಯೂ ಇಲ್ಲ;
ಮೂರು ಕಾಲಕ್ಕೂ ಒಂದೇ ಪದ, ಬರೆದುಕೊಳ್ಳಿ.
ಬರೆದುಕೊಂಡಿದ್ದೆ.
ಇಷ್ಟು ವರ್ಷಕ್ಕೆ ಅದು
ಒಬ್ಬನ ಹೆಸರಿನ ಮುಂದೆ ನಿಂತಿದೆ.

ನ್ಯಾಯಾಧೀಶರು ನನ್ನ ಪುಸ್ತಕ ತಿರುವುತ್ತಾರೆ,
ಕನ್ನಡಕ ಏರಿಸುತ್ತಾರೆ:
"ಆ ದಿನ ಈತ ಬಂದಿದ್ದನೆ?"

ಪುಸ್ತಕದಲ್ಲಿ ಕಳೆಗೆ ಕಾಲಂ ಇಲ್ಲ.

"ಬಂದಿದ್ದ,"
ಅನ್ನುತ್ತೇನೆ.

ಗುಮಾಸ್ತೆ ತಲೆ ಎತ್ತಿ,
ಸ್ವಲ್ಪ ಜೋರಾಗಿ, ಅನ್ನುತ್ತಾಳೆ.