ಬಿಳಿ ಹಿನ್ನೆಲೆ

ದುರ್ಗಿಗುಡಿಯ ಅಡ್ಡರಸ್ತೆ, ಔಷಧಿ ಅಂಗಡಿಯ ಮಹಡಿ,
ಫೆಲಿಕ್ಸಣ್ಣನ ಸ್ಟುಡಿಯೋ.
ಕೆಲಸವಿಲ್ಲದ ತಿಂಗಳು ನಾನಿಲ್ಲಿ ಕೂರುತ್ತೇನೆ.
ಪಾಸ್‌ಪೋರ್ಟ್ ಸೈಜು, ಎಂಟು ಪ್ರತಿಗೆ ಎಂಬತ್ತು,
ಅದರಲ್ಲಿ ಅರ್ಧ ನನ್ನದು.

ಕೆಲಸವಿರುವ ತಿಂಗಳು
ಮಣಿಪುರದಲ್ಲಿ ಸುಟ್ಟ ಮನೆಸಾಲು,
ಸುಂದರಬನದಲ್ಲಿ ಉಪ್ಪು ಕುಡಿದ ಗದ್ದೆ,
ಒಮ್ಮೆ ನಮ್ಮದೇ ಗಾಂಧಿ ಬಜಾರು:
ಕರ್ಫ್ಯೂ, ಇಳಿಸಿದ ಷಟರುಗಳ ನಡುವೆ
ಒಬ್ಬ ಪೇದೆ ಬಾಳೆಹಣ್ಣು ಸುಲಿಯುತ್ತ ನಿಂತಿದ್ದ.
ಅದನ್ನು ಯಾರೂ ಕೊಳ್ಳಲಿಲ್ಲ.
ಬೆಂಕಿ ಎಲ್ಲಿ ಅಂದರು.

ಗುಂಡು ತಡೆಯುವ ಅಂಗಿ ಬಾಡಿಗೆಯದು.
ಕತ್ತುಪಟ್ಟಿಯಲ್ಲಿ ಯಾರದೋ ಬೆವರಿನ ವಾಸನೆ.
ವಾಪಸು ಕೊಟ್ಟಿದ್ದಾನೆಂದರೆ ಬದುಕಿದ್ದಾನೆ
ಅಂದುಕೊಂಡು ತೊಡುತ್ತೇನೆ.
ವಿಮೆಯ ಅರ್ಜಿಯಲ್ಲಿ ಸಂಸ್ಥೆಯ ಹೆಸರು ಕೇಳುತ್ತಾರೆ,
'ಸ್ವತಂತ್ರ' ಎಂದು ಬರೆದರೆ
ಖಾಲಿ ಬಿಟ್ಟಿದ್ದೀರಿ ಎಂದು ತಿರುಗಿ ಬರುತ್ತದೆ.

ಇವತ್ತು ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬಾಕೆ ಬಂದಳು,
ಕಂಕುಳಲ್ಲಿ ಜವಳಿ ಅಂಗಡಿಯ ಕವರು, ತುಂಬ ಕಾಗದ.
"ಬಿಳೀ ಹಿನ್ನೆಲೆ ಬೇಕಂತೆ, ಕಿವಿ ಎರಡೂ ಕಾಣ್ಬೇಕಂತೆ,
ನಾಕು ಗಂಟೆಯೊಳಗೆ ಡೀಸಿ ಆಫೀಸಿಗೆ ಕೊಡ್ಬೇಕು."
ಕೂರಿಸಿದೆ. ಗಲ್ಲ ಸ್ವಲ್ಪ ಕೆಳಗೆ, ಇಲ್ಲಿ ನೋಡಿ.
ಎಡಕ್ಕಿಂತ ಬಲಭುಜ ಒಂದು ಬೆರಳು ತಗ್ಗು.

ಆ ಭುಜ ನನಗೆ ಗೊತ್ತು.

ಹಾರೋಹಕ್ಕಲು, ಗುಡ್ಡ ಜಾರಿದ ಮರುಬೆಳಗು.
ಹಿಂದಿನಿಂದ ತೆಗೆದದ್ದು:
ಸೊಂಟದಲ್ಲಿ ಖಾಲಿ ಕೊಡಪಾನ,
ಎದುರಿಗೆ ಮುಗಿಲವರೆಗೂ ಕೆಮ್ಮಣ್ಣಿನ ಸೀಳು.
'ಹೆಸರು ತಿಳಿಯದ ಮಹಿಳೆ' ಅಂತ ಅಡಿಬರಹ.
ಪರದೇಶದ ಗೋಡೆಯ ಮೇಲೆ ಆರಡಿ ಎತ್ತರ ನಿಂತಳು,
ಬಹುಮಾನ ಬಂತು.
ಮುಖ ಯಾಕಿಲ್ಲ ಎಂದವರಿಗೆ ಘನತೆ, ಗೌರವ ಅಂತೆಲ್ಲ ಹೇಳಿದೆ.
ನಿಜ ಹೇಳಬೇಕೆಂದರೆ
ಬೆನ್ನಿನ ಮೇಲೆ ಬೆಳಕು ಚೆನ್ನಾಗಿತ್ತು.

"ನೀವು ನಮ್ಮಲ್ಲಿಗೆ ಬಂದೋರಲ್ವಾ?
ಕೆಸರಲ್ಲಿ ಬೂಟು ಹೂತು, ನನ್ನ ತಮ್ಮ ಎಳೆದು ಕೊಟ್ಟ."
ಹೌದು.
"ಅವತ್ತಿನ ಫೋಟೋದಲ್ಲಿ ಮನೆ ಬಂದಿದ್ಯಾ?
ಮನೆ ಇತ್ತು ಅನ್ನೋಕೆ ಸಾಕ್ಷಿ ಕೇಳ್ತಾರೆ.
ಅದು ಕಾಡಿನ ಜಾಗ, ಮನೆಯೇ ಇರ್ಲಿಲ್ಲ ಅಂತಾರೆ."

ಹಾರ್ಡ್ ಡಿಸ್ಕ್ ತೆರೆದೆ. ಇನ್ನೂರ ಹದಿನಾಲ್ಕು ಚಿತ್ರ.
ಬಹುಮಾನದ್ದರಲ್ಲಿ ಮನೆಯಿಲ್ಲ.
ಅದರ ಮೂಲದಲ್ಲಿ, ಎಡ ಅಂಚಿನಲ್ಲಿ,
ಕಣ್ಣಿಗೆ ಅಡ್ಡವೆಂದು ನಾನು ಕತ್ತರಿಸಿದ ತುಂಡಿನಲ್ಲಿ,
ನಿಂತೇ ಉಳಿದ ಮೊಳದಗಲ ಗೋಡೆ.
ಗೋಡೆಯಲ್ಲಿ ಕರೆಂಟಿನ ಮೀಟರು.
ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ,
ಹಳದಿ ಬಣ್ಣದಲ್ಲಿ ಆರ್ ಆರ್ ನಂಬರು.

ಅವಳು ಕವರಿನಿಂದ ಹಳೇ ಬಿಲ್ಲು ತೆಗೆದು
ಅಂಕಿ ಅಂಕಿಗೂ ಬೆರಳಿಟ್ಟು ತಾಳೆ ನೋಡಿದಳು.
ಆಮೇಲೆ ಪರದೆಯ ಇನ್ನೊಂದು ಬದಿಗೆ ಬಗ್ಗಿ,
"ರವಿಕೆ ಬೆನ್ನಲ್ಲಿ ಇಷ್ಟು ಹರಿದಿತ್ತಾ!
ಯಾರಾದ್ರೂ ಹೇಳ್ಬಾರ್ದಿತ್ತಾ," ಅಂದಳು.

ಪ್ರಿಂಟು ಒಣಗುವಷ್ಟು ಹೊತ್ತು ಇಬ್ಬರಿಗೂ ಮಾತಿಲ್ಲ.
ಕವರಿನ ಮೇಲೆ ಗಿರಾಕಿಯ ಹೆಸರು ಬರೆಯುವುದು
ಇಲ್ಲಿಯ ಪದ್ಧತಿ. ಕೇಳಿದೆ.
"ಕೆರಿಯಮ್ಮ. ಕೋಂ ಕನ್ನಪ್ಪ."
ಬರೆಯುತ್ತಿದ್ದ ಪೆನ್ನು ನೋಡಿ ತಡೆದಳು,
"ಕನ್ನಪ್ಪನ ಹಿಂದೆ ಲೇಟ್ ಅಂತ ಸೇರ್ಸಿ.
ಅವ್ರೂ ಅದೇ ಫೋಟೋದಲ್ಲೇ ಇದಾರೆ, ಮಣ್ಣಡಿಗೆ."

ಬೇಡವೆಂದರೂ ಎಂಬತ್ತು ರೂಪಾಯಿ
ಸ್ಟೇಪ್ಲರಿನ ಕೆಳಗಿಟ್ಟು ಇಳಿದುಹೋದಳು.
ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.
ನನ್ನ ಪಾಲಿನ ನಲವತ್ತನ್ನು
ಫೆಲಿಕ್ಸಣ್ಣ ಸಂಜೆ ಎಣಿಸಿ ಕೊಟ್ಟ.