ಹನ್ನೊಂದು ಹಾಡುಗಳಲ್ಲಿ ಸತ್ತವಳು

ಬೋಳಾರದ ಹೆಂಚಿನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು.
ಹಸಿ ಹೆಂಚು ಒಣಗಿಸುವ ಮರದ ಅಟ್ಟಗಳ ನಡುವೆ
ನಾವು ಡ್ರಮ್ಮು ಇಟ್ಟೆವು.
ಕೋಲು ಬಿದ್ದಾಗಲೆಲ್ಲ ಸಿಂಬಲ್ಲಿನಿಂದ ಕೆಂಪು ಧೂಳು ಏಳುತ್ತಿತ್ತು;
ಗಾರೆ ಕೆಲಸಕ್ಕೆ ಸೇರಿದೆಯಾ, ಎಂದು ಅಮ್ಮ ಕೇಳುತ್ತಿದ್ದಳು.

ಹಾಡು ಬರೆಯುವವನು ಲುದ್ವಿನ್.
ನೂರು ಪುಟದ ನೋಟ್‌ಬುಕ್ಕು, ಹಿಂದಿನ ರಟ್ಟಿನಲ್ಲಿ ಮಗ್ಗಿ.
ಹತ್ತೊಂಬತ್ತರ ಪ್ರಾಯ. ಅವನು ಕಂಡ ಸಾವೆಂದರೆ
ಒಬ್ಬಳು ಅಜ್ಜಿ, ಒಂದು ನಾಯಿ.
ಆದರೂ ಮೂರನೇ ಚರಣ ಬಂತೆಂದರೆ
ಒಬ್ಬ ಹುಡುಗಿ ಸಾಯಲೇಬೇಕು.

ಬರೆಯುವುದು ಇಂಗ್ಲಿಷಿನಲ್ಲಿ, ಪ್ರಾರ್ಥನೆ ಕೊಂಕಣಿಯಲ್ಲಿ,
ನನ್ನೊಡನೆ ಜಗಳ ತುಳುವಿನಲ್ಲಿ.
ಅವಳ ಗೋರಿಯ ಮೇಲೆ ಹಿಮ ಬೀಳುತ್ತಿತ್ತು.
"ಹಿಮ ನೋಡಿದ್ದೀಯಾ ಮಾರಾಯಾ?"
"ಬಂದರಿನ ಐಸ್ ಪ್ಲಾಂಟಿನಲ್ಲಿ," ಅಂದ, "ಬಂಗುಡೆಯ ಮೇಲೆ."

ಆ ಹುಡುಗಿಗೆ ಹೆಸರುಂಟು, ಹಾಡಿನಲ್ಲಿ ಇರಲಿಲ್ಲ ಅಷ್ಟೆ.
ಜೆಸಿಂತಾ. ಬೆಂದೂರಿನ ಬೇಕರಿಯಲ್ಲಿ ಲೆಕ್ಕ ಬರೆಯುವವಳು,
ಎಂಟಾಣೆ ಕಡಿಮೆಯಾದರೂ ಬ್ರೆಡ್ಡು ಬಿಡದವಳು.
ಅವಳನ್ನು ನೇತ್ರಾವತಿಯಲ್ಲಿ ಮುಳುಗಿಸಿದ,
ರೈಲಿಗೆ ಕೊಟ್ಟ, ಜ್ವರಕ್ಕೆ ಕೊಟ್ಟ.
ಒಂದರಲ್ಲಿ ಬರೇ ಮಂಜಿನೊಳಗೆ ನಡೆದು ಹೋದಳು,
ಸ್ಯಾಂಡಲ್ಲು ಮಾತ್ರ ಸಿಕ್ಕಿತು.
ಮರುದಿನ ಬೆಳಿಗ್ಗೆ ಬಲ್ಮಠದ ಏರಿನಲ್ಲಿ ಅವಳೇ ಎದುರು,
ಸೈಕಲ್ಲಿನ ಮೇಲೆ, ಬೆಲ್ಲು ಬಾರಿಸುತ್ತ.
ನಾನು ತಲೆ ತಗ್ಗಿಸುತ್ತಿದ್ದೆ.
ಆ ಹನ್ನೊಂದು ಸಾವಿಗೂ ತಾಳ ಹಾಕಿದವನು ನಾನೇ ತಾನೇ.

ಊರಿಗೆ ಆ ಹಾಡುಗಳು ಬೇಕಿರಲಿಲ್ಲ.
ರೋಸಿಗೆ ಕರೆದರು, ಮದುವೆಗೆ ಕರೆದರು,
ಬೈಲಾ ಬಾರಿಸಿದೆವು, ಸಣ್ಣಾ ತಿಂದೆವು.
ಜೆಸಿಂತಾಳ ಮದುವೆಗೂ ನಾವೇ.
ಹುಡುಗ ಬಾರ್ಕೂರಿನವನು, ಬಹ್ರೇನಿನಲ್ಲಿ ಎಲೆಕ್ಟ್ರೀಶಿಯನ್,
ನಮ್ಮ ಆಂಪ್ಲಿಫಯರಿನ ಫ್ಯೂಸು ಹೋದಾಗ
ಕೋಟು ಬಿಚ್ಚಿಟ್ಟು ತಾನೇ ಸರಿಮಾಡಿ ಕೊಟ್ಟ.
ಲುದ್ವಿನ್ ಒಂದು ಸ್ವರ ತಪ್ಪಲಿಲ್ಲ.
ಕೊನೆಗೆ ತಂತಿ ಸುತ್ತುವಾಗ ಮಾತ್ರ
ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ,
ಮತ್ತೆ ಬಿಚ್ಚಿದ.
ಹನ್ನೆರಡನೆಯ ಹಾಡು ಬರೆಯಲಿಲ್ಲ.

ಮೊನ್ನೆ ಅವನು ಹೋದ.
ಮಂಗಳವಾರ, ಶುಕ್ರವಾರ ಕಂಕನಾಡಿಯಲ್ಲಿ ಡಯಾಲಿಸಿಸ್.
ನೀರು ಸಹ ಲೋಟದಲ್ಲಿ ಅಳೆದು.
ನಾಲಿಗೆಯ ಮೇಲಿಡಲು ಒಂದು ಐಸ್ ಚೂರು ಕೊಡುತ್ತಿದ್ದರು.
ಕೊನೆಯ ಮಾತು:
"ಫ್ಯಾನು ಒಂದು ನಂಬರು ಕಡಿಮೆ ಮಾಡು."
ಎದ್ದೆ. ಮಾಡಿದೆ. ಹಿಂದೆ ತಿರುಗಿದೆ.
ಇದಕ್ಕೆ ಯಾವ ತಾಳ, ನನಗೆ ಈಗಲೂ ಗೊತ್ತಿಲ್ಲ.

ಮಣ್ಣು ಹಾಕುವ ಸರದಿಯಲ್ಲಿ ಜೆಸಿಂತಾ ನನ್ನ ಹಿಂದೆ ನಿಂತಿದ್ದಳು,
ಮೊಣಗಂಟು ನೋವು, ಕೊಡೆಯೇ ಊರುಗೋಲು.
ನನ್ನ ಬೆರಳ ಸಂದಿಯಲ್ಲಿ ಅದೇ ಕೆಂಪು.
ಗೇಟಿನ ಬಳಿ ಕೇಳಿದಳು:
"ಅವನ ನೋಟ್‌ಬುಕ್ಕಿನಲ್ಲಿ ನಾನುಂಟಂತೆ, ಹೌದಾ?"
"ಉಂಟು."
"ಏನು ಮಾಡುತ್ತೇನೆ, ಅದರಲ್ಲಿ?"

ನೋಟ್‌ಬುಕ್ಕು ನನ್ನ ಚೀಲದಲ್ಲೇ ಇತ್ತು.
ಅವನ ತಂಗಿ ಕೊಟ್ಟದ್ದು, ಅಂಚೆಲ್ಲ ಹುಳ ತಿಂದದ್ದು.

"ಸೈಕಲ್ ಬಿಡುತ್ತೀ," ಅಂದೆ.

ಅವಳು ಕೊಡೆ ಬಿಡಿಸಿದಳು. ಮಳೆ ಇರಲಿಲ್ಲ.
"ಎಲ್ಲಾ ಹಾಡಿನಲ್ಲೂ?"