ಎಡಗೈಯ ಕಿರುಬೆರಳು

ಗೇಟಿನ ಯಂತ್ರ ಮೂರು ಸಲ ಕೆಂಪಾಯಿತು.
'ಒರೆಸಿಕೊಂಡು ಇಡಿ ಅಕ್ಕಾ' ಅಂದ ಹುಡುಗ,
ಕನ್ನಡ ಇನ್ನೂ ಕಲಿಯುತ್ತಿರುವವನು.
ಸೆರಗಿಗೆ ಒರೆಸಿದೆ. ಇಟ್ಟೆ. ಕೆಂಪು.
ನನ್ನ ಹಿಂದೆ ವೇಮಗಲ್ ರಸ್ತೆವರೆಗೂ ಹುಡುಗಿಯರ ಸಾಲು,
ಆರರ ಪಾಳಿ, ಆಕಳಿಕೆ,
ಯಾರದೋ ಡಬ್ಬಿಯಿಂದ ಪುಳಿಯೋಗರೆ ವಾಸನೆ.

ಬೆರಳೇ ಇಲ್ಲವೇನೋ ಅನ್ನೋ ಹಾಗೆ ನೋಡಿದ.

ಬೆರಳಿದೆಯಪ್ಪ. ಗೆರೆ ಮಾತ್ರ
ಶಿಡ್ಲಘಟ್ಟದಲ್ಲಿ ಉಳಿಯಿತು,
ಜೈತೂನ್ ಬೀ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ.
ಹತ್ತೊಂಬತ್ತು ವರ್ಷ ಕುದಿನೀರಲ್ಲಿ ಗೂಡು ತಡವಿ
ಕಣ್ಣಿಗೆ ಕಾಣದ ತುದಿ ಹಿಡಿದು
ಎಂಟು ಗೂಡಿನ ಎಳೆ ಒಂದು ಮಾಡಿ
ರಾಟೆಗೆ ಕೊಟ್ಟೂ ಕೊಟ್ಟೂ.
ಬೆಂದ ಹುಳುವಿನ ನಾತ ನಮಗೆ ನಾತವೇ ಅಲ್ಲ;
ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರೆ
ಆಗ ನೆನಪಾಗೋದು.

ಆಮೇಲೆ ಚೀನಾ ನೂಲು ಬಂತು.
ಬಂತು ಅಂದರೆ, ನಾವು ಹಡಗು ನೋಡಿಲ್ಲ, ಲಾರಿ ನೋಡಿಲ್ಲ.
ರೇಟು ಬಂತು.
ಗೂಡಿನ ಮಾರುಕಟ್ಟೆಯಲ್ಲಿ ಪ್ಯಾರೇಜಾನ್ ಸಾಬರು
ಒಂದು ಕಿವಿಗೆ ಗೂಡು ಹಿಡಿದು ಕುಲುಕಿ
ಹುಳುವಿನ ಸದ್ದು ಕೇಳುತ್ತಿದ್ದವರು,
ಇನ್ನೊಂದು ಕಿವಿಗೆ ಮೊಬೈಲು.
ಒಂದು ದಿನ ಗೂಡನ್ನು ಕೆಳಗಿಟ್ಟರು.
ಬಿಚ್ಚಿದ ನೂಲಿಗಿಂತ ಬಿಚ್ಚದ ಗೂಡೇ ದುಬಾರಿ ಅಂತೆ ಅವತ್ತು.
ಸಂಜೆ ಒಲೆಗೆ ಕಾಫಿ ಹೊಟ್ಟು ಹಾಕಲಿಲ್ಲ.

ಬೀ ಲೆಕ್ಕ ಚುಕ್ತಾ ಮಾಡಿ
ಎರಡು ಲಡಿ ನೂಲು ಕೈಗಿಟ್ಟಳು,
'ಅಕ್ಕಯಮ್ಮಾ, ಮಗಳ ಮದುವೆಗೆ ಸೀರೆ ನೇಯಿಸು.'
ಎರಡು ಲಡಿಯಲ್ಲಿ ಸೀರೆ ಆಗಲ್ಲ.
ಇಬ್ಬರಿಗೂ ಗೊತ್ತಿತ್ತು.

ಈಗ ಇಲ್ಲಿ ಮೊಬೈಲು ಕಟ್ಟುತ್ತಾರೆ.
ನಾನು ಕಟ್ಟಲ್ಲ, ನೆಲ ಒರೆಸುತ್ತೀನಿ, ಕಂಟ್ರಾಕ್ಟಿನಲ್ಲಿ.
ಉಗ್ರಾಣದ ರಟ್ಟಿನ ಡಬ್ಬಿಗಳ ಮೇಲೆ ಚೀನಾ ಅಕ್ಷರ,
ಒಂದೊಂದೂ ಗೂಡಿನ ಹಾಗೆ,
ಎಷ್ಟು ನೋಡಿದರೂ ತುದಿ ಸಿಗೋಲ್ಲ.
ಆದರೆ ಇದು ಆಮೇಲಿನ ಮಾತು.

ಅವತ್ತು ಗೇಟಿನಲ್ಲಿ
ಹತ್ತರಲ್ಲಿ ಒಂಬತ್ತು ಬೆರಳೂ ಸೋತಮೇಲೆ
ಎಡಗೈಯ ಕಿರುಬೆರಳು ಇಟ್ಟೆ. ಹಸಿರು.
ಅದೊಂದನ್ನು ನಾನು ನೀರಿಗೆ ಇಳಿಸುತ್ತಿರಲಿಲ್ಲ,
ಎತ್ತಿ ಹಿಡಿದೇ ನೂಲು ತೆಗೆಯೋದು ಅಭ್ಯಾಸ,
ಮಗಳ ಕಣ್ಣಿಗೆ ಕಾಡಿಗೆ ಹಚ್ಚೋಕೆ ಬೇಕಲ್ಲ.
'ಜೋಪಾನ ಅಕ್ಕಾ' ಅಂದ ಹುಡುಗ,
'ಅದಕ್ಕೆ ಏನಾದರೂ ಆದರೆ ಸಂಬಳ ಇಲ್ಲ.'
ಮಧ್ಯಾಹ್ನ ಸಾರು ಬಡಿಸಿಕೊಳ್ಳುವಾಗ
ಆ ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡೆ.

ರಾತ್ರಿ ಬೀ ಫೋನು ಮಾಡಿದ್ದಳು.
ಮೂರು ತಿಂಗಳಾಯಿತಂತೆ,
ಸೊಸೈಟಿಯಲ್ಲಿ ಹೆಬ್ಬೆಟ್ಟು ಹಿಡಿಯುತ್ತಿಲ್ಲ, ಅಕ್ಕಿ ಇಲ್ಲ.
ಎಡಗೈಯ ಕಿರುಬೆರಳು ಇಟ್ಟು ನೋಡು ಅಂದೆ,
ನನಗೆ ಹಾಗೇ ಆಯಿತು ಅಂದೆ, ಗೆದ್ದವಳ ಹಾಗೆ.
ನಕ್ಕಳು.
'ನಿನ್ನ ಹಾಗೆ ನಾನು
ಒಂದು ಬೆರಳು ಎತ್ತಿಟ್ಟುಕೊಂಡು
ಕೂತಿದ್ದೆನೇನೇ?'